ಕಿಟಕಿಯ ಗುಂಡು ಹುಡುಕುವ ಮೊದಲು ಕಿಟಕಿ ತೂಗಿ

ಪ್ರಶ್ನೆ: ನಾವು ಈಚೆಗೆ ಕೊಂಡ ಹಳೇ ಮನೆಯಲ್ಲಿ ಮೇಲೆ-ಕೆಳಗೆ ಸರಿಯುವ ಸ್ಯಾಶ್ ಕಿಟಕಿಗಳಿವೆ. ಒಂದು ಕಿಟಕಿಯ ಎಡಗಡೆ ಹಗ್ಗವೇ ಇಲ್ಲ, ಒಳಗಿನ ತೂಕದ ಗುಂಡೂ ಕಳೆದುಹೋದಂತಿದೆ. ಇನ್ನೊಂದಕ್ಕೆ ಹಿಂದಿನವರು ದಪ್ಪ ಗಾಜು ಹಾಕಿಸಿದ್ದಾರೆ. ಅದು ಎತ್ತಿದರೆ ನಿಲ್ಲುವುದಿಲ್ಲ, ಕೋಲು ಕೊಟ್ಟು ನಿಲ್ಲಿಸುತ್ತೇವೆ. ಅಂಗಡಿಗಳಲ್ಲಿ ಕೇಳಿದರೆ ಇಂಥ ಗುಂಡು ನಾವು ನೋಡೇ ಇಲ್ಲ ಅನ್ನುತ್ತಾರೆ. ಪೈಪಿಗೆ ಕಾಂಕ್ರೀಟ್ ತುಂಬಿ ಹಾಕೋಣ ಅನ್ನುತ್ತಾರೆ ಬಡಗಿ. ಹಾಕಿಸಬಹುದಾ?

ಉತ್ತರ: ಮೊದಲು ಆ ಕೋಲು ತೆಗೆದು ಕಿಟಕಿ ಮುಚ್ಚಿಡಿ. ಗಾಜು ಸೇರಿ ಹತ್ತು-ಹದಿನೈದು ಕಿಲೋ ತೂಗುವ ಚೌಕಟ್ಟು ಅದು. ಕೋಲು ಜಾರಿದಾಗ ಕೆಳಗೆ ಬೆರಳಿದ್ದರೆ ಮುಗೀತು.

ಇನ್ನು ಕಳೆದುಹೋದ ಗುಂಡು. ಸ್ಯಾಶ್ ಅಂದರೆ ಮೇಲೆ-ಕೆಳಗೆ ಸರಿಯುವ ಗಾಜಿನ ಚೌಕಟ್ಟು. ಅದರ ಎರಡೂ ಬದಿಯ ಹಗ್ಗ ರಾಟೆ ಮೇಲೆ ಹಾದು, ಪಕ್ಕದ ಟೊಳ್ಳು ಗೂಡಿನಲ್ಲಿ ನೇತಾಡುವ ಗುಂಡಿಗೆ ಕಟ್ಟಿರುತ್ತದೆ. ಆ ಭಾರವೇ ಸ್ಯಾಶನ್ನು ಎತ್ತಿದಲ್ಲಿ ನಿಲ್ಲಿಸುತ್ತದೆ. ನಿಜವಾಗಿ ಕಳೆದಿದೆಯಾ ಅಂತ ನೋಡಿದಿರಾ? ಎರಕದ ಕಬ್ಬಿಣದ ಗುಂಡು ಎಲ್ಲಿಗೂ ಹೋಗುವ ವಸ್ತುವಲ್ಲ. ಸವೆದು ತುಂಡಾಗುವುದು ಹಗ್ಗ. ಹಗ್ಗ ತುಂಡಾದರೆ ಗುಂಡು ಪಕ್ಕದ ಗೂಡಿನ ತಳಕ್ಕೆ ಬೀಳುತ್ತದೆ, ವರ್ಷಗಟ್ಟಲೆ ದೂಳಿನಲ್ಲಿ ಅಲ್ಲೇ ನಿಂತಿರುತ್ತದೆ. ನನ್ನನ್ನು ಕರೆಸಿ ‘ಗುಂಡಿಲ್ಲ’ ಅಂದವರ ಮನೆಗಳಲ್ಲಿ ಜಾಸ್ತಿ ಸಲ ಅದು ಅಲ್ಲೇ ಸಿಕ್ಕಿದೆ.

ಗೂಡು ತೆರೆಯುವುದು ಹೀಗೆ. ರಾಟೆ ಕೂರಿಸಿದ ನಿಂತ ಪಟ್ಟಿ ಇದೆಯಲ್ಲ, ಅದರ ಕೆಳಭಾಗದಲ್ಲಿ ಒಂದು ಉದ್ದನೆ ತುಂಡನ್ನು ಕತ್ತರಿಸಿ ಮತ್ತೆ ಅದೇ ಜಾಗದಲ್ಲಿ ಕೂರಿಸಿರುತ್ತಾರೆ. ಅದೇ ಗೂಡಿನ ಮುಚ್ಚಳ. ಪದರ ಪದರವಾಗಿ ಬಣ್ಣ ಬಳಿದು ಬಳಿದು ಅದರ ಗೆರೆ ಕಾಣದಂತಾಗಿರುತ್ತದೆ. ಒಳಬದಿಯ ಬೀಡಿಂಗ್ ಪಟ್ಟಿ ಬಿಚ್ಚಿ ಕೆಳಗಿನ ಸ್ಯಾಶ್ ಹೊರಗೆ ತೆಗೆಯಿರಿ. ಆಮೇಲೆ ಆ ಜಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದರೆ ಬಣ್ಣದ ಮೇಲೆ ಸಣ್ಣ ಏರಿಳಿತ ಕಾಣುತ್ತದೆ. ಬ್ಲೇಡಿನಿಂದ ಆ ಗೆರೆಯಲ್ಲಿ ಬಣ್ಣ ಕೊಯ್ದು ಮೆಲ್ಲಗೆ ಎಬ್ಬಿಸಿ. ಎಲ್ಲೋ ಒಂದು ಸ್ಕ್ರೂ ಇರಬಹುದು, ನೋಡಿಕೊಳ್ಳಿ. ಕೆಲವು ಕಿಟಕಿಗಳಿಗೆ ಮುಚ್ಚಳವೇ ಇರುವುದಿಲ್ಲ. ಆಗ ಒಳಗೋಡೆಯ ಕಡೆಯ ಅಂಚುಪಟ್ಟಿಯನ್ನೇ ಬಿಚ್ಚಬೇಕು. (ಗೂಡನ್ನು ಇಷ್ಟು ಮರೆಯಾಗಿಟ್ಟಿದ್ದು ಅಂದಕ್ಕೆ ಮಾತ್ರ ಅಲ್ಲ. ಬೆಂಕಿ ಹರಡುತ್ತದೆಂಬ ಭಯಕ್ಕೆ ಲಂಡನ್ನಿನ 1774ರ ಕಟ್ಟಡ ಕಾಯ್ದೆ ಈ ಮರದ ಗೂಡು ಹೊರಗಿನ ಇಟ್ಟಿಗೆಯ ಹಿಂದೆ ಅಡಗಿರಬೇಕು ಅಂತ ಕಡ್ಡಾಯ ಮಾಡಿತ್ತು.)

ಒಳಗೆ ಗುಂಡು ಸಿಕ್ಕರೆ ಹೊಸ ಹಗ್ಗ ಕಟ್ಟಿ, ಕೆಲಸ ಮುಗಿಯಿತು. ಸಿಗಲಿಲ್ಲ ಅಂದರೆ ಮುಂದೆ ಓದಿ.

ಎಲ್ಲರೂ ಮಾಡುವ ತಪ್ಪೇನೆಂದರೆ, ಇರುವ ಗುಂಡಿನ ಜೋಡಿಯನ್ನು ಹುಡುಕುತ್ತಾ ಅಲೆಯುವುದು. ಅದೇ ಉದ್ದ, ಅದೇ ದಪ್ಪ, ಅದೇ ಆಕಾರ ಬೇಕು ಅಂತ. ಕಿಟಕಿಗೆ ಆಕಾರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತೂಕ ಒಂದೇ. ಒಮ್ಮೆ ನಾನು ತೆರೆದ ಗೂಡಿನಲ್ಲಿ ಒಂದು ಕಡೆ ಎರಕದ ಗುಂಡು, ಇನ್ನೊಂದು ಕಡೆ ಹಳೇ ಉಣ್ಣೆ ಕಾಲುಚೀಲ ನೇತಾಡುತ್ತಿತ್ತು. ಚೀಲದೊಳಗೆ ನಟ್ಟು, ಬೋಲ್ಟು, ಮುರಿದ ಕೀಲು, ಒಂದು ಬೀಗ! ನಗು ಬಂತು. ತಳಕ್ಕೆ ಉದುರಿದ್ದನ್ನೂ ಸೇರಿಸಿ ತೂಗಿ ನೋಡಿದೆ, ಗುಂಡಿಗೂ ಚೀಲಕ್ಕೂ ನೂರು ಗ್ರಾಂ ವ್ಯತ್ಯಾಸ ಇರಲಿಲ್ಲ. ಕಟ್ಟಿದವರು ಯಾರೋ, ಲೆಕ್ಕ ಗೊತ್ತಿದ್ದವರು. ಹಿಮ್ಮಡಿ ಹರಿದು ಬೋಲ್ಟು ಒಂದೊಂದಾಗಿ ಉದುರದೇ ಇದ್ದಿದ್ದರೆ ನನ್ನನ್ನು ಕರೆಯುತ್ತಲೇ ಇರಲಿಲ್ಲ.

ಹಾಗಾಗಿ ಹೊರತೆಗೆದ ಸ್ಯಾಶನ್ನು ತೂಗಿ. ಮೈತೂಕ ನೋಡುವ ಯಂತ್ರ ಸಾಕು: ನೀವೊಬ್ಬರೇ ನಿಂತಾಗ ಎಷ್ಟು, ಸ್ಯಾಶ್ ಹಿಡಿದು ನಿಂತಾಗ ಎಷ್ಟು, ಕಳೆಯಿರಿ. ಗಾಜು, ಪುಟ್ಟಿ, ಚಿಲಕ, ಹಿಡಿ ಎಲ್ಲಾ ಅದರ ಮೇಲೇ ಇರಲಿ. ಒಡೆದ ಗಾಜು ಬದಲಾಯಿಸುವುದಿದ್ದರೆ ಬದಲಾಯಿಸಿದ ಮೇಲೇ ತೂಗಿ. ನಾನು ಶುರುವಿನಲ್ಲಿ ಗಾಜಿಲ್ಲದ ಸ್ಯಾಶ್ ತೂಗಿ ಗುಂಡು ಮಾಡಿಸಿ ಪೆಚ್ಚಾಗಿದ್ದೇನೆ.

ಲೆಕ್ಕ ಸುಲಭ. ಬಂದ ತೂಕದ ಅರ್ಧ ಒಂದು ಕಡೆಗೆ, ಅರ್ಧ ಇನ್ನೊಂದು ಕಡೆಗೆ. ಅದರಲ್ಲೊಂದು ಸಣ್ಣ ತಿದ್ದುಪಡಿ ಇದೆ. ಕೆಳಗಿನ ಸ್ಯಾಶ್ ಮುಚ್ಚಿದಾಗ ಹೊಸ್ತಿಲಿಗೆ ಒತ್ತಿ ಕೂರಬೇಕು, ಅದಕ್ಕೆ ಅದರ ಗುಂಡು ಕಾಲು ಕಿಲೋದಷ್ಟು ಹಗುರ ಇರಬೇಕು. ಮೇಲಿನ ಸ್ಯಾಶ್ ತಾನಾಗಿ ಇಳಿಯದೆ ಮೇಲೇ ನಿಲ್ಲಬೇಕು, ಅದರ ಗುಂಡು ಕಾಲು ಕಿಲೋ ಭಾರ ಇರಲಿ. ದೊಡ್ಡ ಕಿಟಕಿಗೆ ಈ ಕಾಲು ಕಿಲೋವನ್ನು ಅರ್ಧ ಕಿಲೋ ತನಕ ಏರಿಸಬಹುದು.

ನಿಮ್ಮ ಕೆಳಗಿನ ಸ್ಯಾಶ್ 14 ಕಿಲೋ ತೂಗಿತು ಅನ್ನೋಣ. ಅರ್ಧ 7, ಅದರಲ್ಲಿ ಕಾಲು ಕಿಲೋ ಕಳೆದರೆ ಪ್ರತಿ ಬದಿಗೆ 6.75 ಕಿಲೋ ಗುಂಡು ಬೇಕು.

ಸಿದ್ಧ ಗುಂಡು ಬೇಕಿದ್ದರೆ ಹಾರ್ಡ್‌ವೇರ್ ಅಂಗಡಿ ಬಿಟ್ಟು ಹಳೇ ಕಟ್ಟಡ ಕೆಡವುವವರನ್ನು, ಗುಜರಿಯವರನ್ನು ಕೇಳಿ. ಹಳೇ ಕಿಟಕಿ ಕಿತ್ತು ಅಲ್ಯೂಮಿನಿಯಂ ಹಾಕುವಲ್ಲೆಲ್ಲ ಈ ಗುಂಡುಗಳು ಕಬ್ಬಿಣದ ರಾಶಿಗೆ ಹೋಗುತ್ತವೆ. ಗುಂಡು ಅಂದರೆ ಉರುಟಾದ್ದನ್ನು ತೋರಿಸುತ್ತಾರೆ. ಒನಕೆಯ ತುಂಡಿನ ಹಾಗಿರುತ್ತದೆ, ಒಂದು ತುದಿಯಲ್ಲಿ ಹಗ್ಗಕ್ಕೆ ತೂತು ಇರುತ್ತದೆ ಅಂತ ಹೇಳಿ. ಕೆಲವದರ ಮೇಲೆ ಎರಕದಲ್ಲೇ ಅಂಕಿ ಮೂಡಿರುತ್ತದೆ, ಸಾಮಾನ್ಯವಾಗಿ ಅದು ಪೌಂಡಿನ ಲೆಕ್ಕ. ಒಂದು ಪೌಂಡು ಅಂದರೆ 454 ಗ್ರಾಂ. ಅಂಕಿಯನ್ನು ನಂಬಿ ಕೂರಬೇಡಿ, ಅಲ್ಲೇ ತೂಗಿಸಿ. ಭಾರ ಜಾಸ್ತಿ ಇರುವುದು ಸಿಕ್ಕರೆ ಬಿಡಬೇಡಿ, ಕೆಳತುದಿಯನ್ನು ಗ್ರೈಂಡರಿನಲ್ಲಿ ಕತ್ತರಿಸಬಹುದು. ಕಡಿಮೆ ಭಾರದ್ದಕ್ಕೆ ಮಾತ್ರ ತುಂಡು ವೆಲ್ಡ್ ಮಾಡಿ ಸೇರಿಸಲು ಹೋಗಬೇಡಿ. ಇಂಥ ಎರಕದ ಕಬ್ಬಿಣ ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಸಿಗಲಿಲ್ಲವಾ? ಮಾಡಿಸಿ. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಉಕ್ಕಿನ ಗಟ್ಟಿ ರಾಡು ತಗೊಳ್ಳಿ. ಕಂಬಿ ಕಟ್ಟುವವರು ಬಳಸುವ ಸೂತ್ರವೇ ಇಲ್ಲೂ ನಡೆಯುತ್ತದೆ: ದಪ್ಪವನ್ನು ಮಿ.ಮೀ.ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 40 ಮಿ.ಮೀ. ರಾಡು ಮೀಟರಿಗೆ 9.9 ಕಿಲೋ. ಹಾಗಾದರೆ 6.75 ಕಿಲೋಗೆ 68 ಸೆಂ.ಮೀ. ಉದ್ದ ಬೇಕು.

ಈಗ ಆ ಉದ್ದ ಗೂಡಿನಲ್ಲಿ ಹಿಡಿಸುತ್ತದಾ ನೋಡಬೇಕು. ಸ್ಯಾಶ್ ಎಷ್ಟು ಮೇಲೇರುತ್ತದೋ ಗುಂಡು ಅಷ್ಟೇ ಕೆಳಗಿಳಿಯುತ್ತದೆ, ಬಾವಿಯ ರಾಟೆಯ ಹಾಗೆ. ರಾಟೆಯಿಂದ ಗೂಡಿನ ತಳಕ್ಕೆ 138 ಸೆಂ.ಮೀ., ಸ್ಯಾಶಿನ ಓಡಾಟ 70 ಅಂತಿಟ್ಟುಕೊಳ್ಳಿ. ಗುಂಡಿಗೆ ಉಳಿಯುವುದು 68. ಮೇಲೊಂದಿಷ್ಟು ಕೆಳಗೊಂದಿಷ್ಟು ಜಾಗ ಬಿಡಬೇಕು, ಗಂಟಿಗೂ ಜಾಗ ಬೇಕು. ಅಲ್ಲಿಗೆ 60 ಸೆಂ.ಮೀ. ಮೀರುವಂತಿಲ್ಲ. 40ರ ರಾಡು ಆಗಲಿಲ್ಲ. 45 ಮಿ.ಮೀ. ತಗೊಂಡರೆ 54 ಸೆಂ.ಮೀ.ಗೇ ಅಷ್ಟು ತೂಕ ಬರುತ್ತದೆ. ಅಷ್ಟು ದಪ್ಪ ಗೂಡಿನೊಳಗೆ ಆಡದಿದ್ದರೆ 40 ಮಿ.ಮೀ. ಚೌಕದ ರಾಡು ತಗೊಳ್ಳಿ. ಉರುಟು ರಾಡಿಗಿಂತ ಚೌಕದ್ದರಲ್ಲಿ ಕಾಲು ಪಾಲಿಗೂ ಮಿಕ್ಕಿ ಲೋಹ ಜಾಸ್ತಿ, ಅದೂ 54 ಸೆಂ.ಮೀ.ಗೇ ಮುಗಿಯುತ್ತದೆ. ಅಂಚುಗಳನ್ನು ಉಜ್ಜಿ ಮೊಂಡು ಮಾಡಿಸಿ. ಎರಡು ಸ್ಯಾಶಿನ ಗುಂಡುಗಳೂ ಒಂದೇ ಗೂಡಿನಲ್ಲಿ ಓಡಾಡುತ್ತವೆ. ಅವುಗಳ ನಡುವೆ ತೂಗುಬಿಟ್ಟ ತೆಳು ಮರದ ಪಟ್ಟಿ ಇದೆಯಾ ಅಂತಲೂ ನೋಡಿ. ಅದಿಲ್ಲದಿದ್ದರೆ ಒಂದಕ್ಕೊಂದು ತಗುಲಿ ಸಿಕ್ಕಿಕೊಳ್ಳುತ್ತವೆ.

ನಿಮ್ಮ ಬಡಗಿಯ ಕಾಂಕ್ರೀಟು ಸೋಲುವುದು ಇಲ್ಲೇ. 48 ಮಿ.ಮೀ.ಯ ಸಾಮಾನ್ಯ ಕಬ್ಬಿಣದ ಪೈಪಿಗೆ ಗಿಡಿದು ತುಂಬಿದರೂ ಮೀಟರಿಗೆ ಸುಮಾರು ಏಳು ಕಿಲೋ ಅಷ್ಟೇ. ಒಂದು ಮೀಟರ್ ಉದ್ದದ ಗುಂಡನ್ನು ಎಲ್ಲಿ ಇಳಿಬಿಡುತ್ತೀರಿ? ಸಣ್ಣ ಬಚ್ಚಲು ಕಿಟಕಿಗಾದರೆ ನಡೆದೀತು.

ಲೇತ್ ಇರುವವರ ಹತ್ತಿರ ರಾಡಿನ ತಲೆಯ ನಟ್ಟನಡುವೆ ತೂತು ಕೊರೆಸಿ, ಒಳಗೆ ತಿರುಪಿನ ಗೆರೆ (ಥ್ರೆಡ್) ಹಾಕಿಸಿ, ಕಣ್ಣಿರುವ ಬೋಲ್ಟು ತಿರುಗಿಸಿ. ತೂತು ನಡುವಿನಲ್ಲೇ ಇರಬೇಕು, ಓರೆಯಾದರೆ ಗುಂಡು ವಾಲಿ ಗೂಡಿನ ಗೋಡೆ ಕೆರೆಯುತ್ತದೆ. ಬೋಲ್ಟಿನ ಕಣ್ಣನ್ನೂ ಉದ್ದದ ಲೆಕ್ಕಕ್ಕೆ ಸೇರಿಸಿ. ರೆಡ್ ಆಕ್ಸೈಡ್ ಒಂದು ಕೈ ಬಳಿದರೆ ಸಾಕು. ಬಲಗಡೆ ಹಳೇ ಎರಕದ್ದು, ಎಡಗಡೆ ಹೊಸ ಉಕ್ಕು ಆದರೂ ಚಿಂತೆ ಇಲ್ಲ, ತೂಕ ಒಂದೇ ಇದ್ದರಾಯಿತು.

ದಪ್ಪ ಗಾಜಿನ ಕಿಟಕಿಗೆ ಹೊಸ ಗುಂಡೇ ಬೇಡ. ಗಾಜು ಪ್ರತಿ ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ. 70ಕ್ಕೆ 80 ಸೆಂ.ಮೀ. ಗಾಜು 3 ಮಿ.ಮೀ. ಇದ್ದದ್ದು 5 ಆದರೆ 2.8 ಕಿಲೋ ಏರುತ್ತದೆ, ಬದಿಗೆ 1.4 ಕಿಲೋ. ದಪ್ಪ ಉಕ್ಕಿನ ಬಿಲ್ಲೆಗಳಿಗೆ ನಡುವೆ ತೂತು ಹಾಕಿಸಿ, ಹಗ್ಗವನ್ನು ಅವುಗಳೊಳಗೆ ತೂರಿಸಿ, ಇರುವ ಗುಂಡಿನ ತಲೆ ಮೇಲೆ ಕೂರಿಸಿ. ಮೇಲಕ್ಕೆ ಜಾಗ ಉಳಿದಿದೆಯಾ ಅಂತ ಅಳೆದುಕೊಳ್ಳಿ. ಮೂಲದವರು ಅಲ್ಲಿ ಜಾಗ ಬಿಟ್ಟಿರದಿದ್ದರೆ ಸೀಸದ ಗುಂಡು ಹಾಕುವುದು ಒಂದು ದಾರಿ.

ಪ್ರಶ್ನೆ: ಸೀಸದ ಹಳೇ ಪೈಪು ಸಾಕಷ್ಟಿದೆ. ಮನೆಯಲ್ಲೇ ಕರಗಿಸಿ ಗುಂಡು ಎರಕ ಹೊಯ್ಯಬಹುದೇ? 327 ಡಿಗ್ರಿಗೇ ಕರಗುತ್ತದೆ ಅಂತ ಓದಿದೆ.

ಉತ್ತರ: ಕರಗುತ್ತದೆ. ಅದಕ್ಕೇ ಜನ ಒಲೆ ಮೇಲಿಟ್ಟುಬಿಡುತ್ತಾರೆ. ದಯವಿಟ್ಟು ಬೇಡ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಆವಿಯಾಗಿ ಸಿಡಿದು ಕಾದ ಸೀಸ ಮುಖಕ್ಕೇ ಎರಚುತ್ತದೆ. ಹೊಗೆ, ದೂಳು ಮೈಯೊಳಗೆ ಸೇರಿದರೆ ಬೇಗ ಹೊರಗೆ ಹೋಗುವುದಿಲ್ಲ. ಮಕ್ಕಳ ಮಟ್ಟಿಗಂತೂ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ.

ಸೀಸದ ಗುಂಡಿನಿಂದ ಲಾಭ ಇರುವುದು ನಿಜ. ಮೇಲಿನ ಲೆಕ್ಕದ 6.75 ಕಿಲೋ 40 ಮಿ.ಮೀ. ದಪ್ಪದ ಸೀಸದಲ್ಲಿ 47 ಸೆಂ.ಮೀ.ಗೇ ಆಗುತ್ತದೆ, ಎರಕದ ಕಬ್ಬಿಣಕ್ಕೆ 75 ಬೇಕು. ಜಾಗ ಕಡಿಮೆ ಇದ್ದರೆ ಪೈಪನ್ನು ಎರಕದವರಿಗೇ ಕೊಟ್ಟು ಮಾಡಿಸಿ, ಮೇಲೆ ಬಣ್ಣ ಬಳಿಸಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಹಳೇ ಕಿಟಕಿಯ ಬಣ್ಣದಲ್ಲೂ ಸೀಸ ಇರಬಹುದು. ಒಣ ಮರಳುಕಾಗದದಲ್ಲಿ ತಿಕ್ಕಬೇಡಿ, ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಸುಮ್ನೆ ಸ್ಪ್ರಿಂಗ್ ಹಾಕಿಸಿದರೆ ಆಗಲ್ವಾ?

ಉತ್ತರ: ಆಗುತ್ತದೆ. ಆದರೆ ಸ್ಪ್ರಿಂಗ್ ಆರಿಸುವುದೂ ಸ್ಯಾಶಿನ ತೂಕದ ಮೇಲೇ, ತೂಗುವುದು ತಪ್ಪುವುದಿಲ್ಲ. ಖಾಲಿಯಾದ ಗೂಡಿಗೆ ಏನಾದರೂ ತುಂಬಿ ಗಾಳಿ ನುಗ್ಗದಂತೆ ಮಾಡಬಹುದು, ಅದೊಂದು ಅನುಕೂಲ. ಸ್ಪ್ರಿಂಗ್ ಸಡಿಲಾಗುತ್ತದೆ, ಮುರಿಯುತ್ತದೆ. ಗುಂಡಿಗೆ ಆ ರಗಳೆ ಇಲ್ಲ. ನನ್ನ ಮನೆಯಾದರೆ ಗುಂಡನ್ನೇ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಹೋದ ವರ್ಷ ಹೊಸ ಹಗ್ಗ ಹಾಕಿಸಿದೆವು. ಈಗ ಕಿಟಕಿ ಪೂರ್ತಿ ಎತ್ತಿದರೆ ಒಳಗೆ ‘ದಡ್’ ಅನ್ನುತ್ತದೆ. ಕೈ ಬಿಟ್ಟರೆ ಎರಡು ಇಂಚು ಇಳಿದು ನಿಲ್ಲುತ್ತದೆ. ಗುಂಡು ಹಗುರವಾಯಿತಾ?

ಉತ್ತರ: ಗುಂಡು ಹಗುರವಾಗುವುದಿಲ್ಲ, ಹಗ್ಗ ಹಿಗ್ಗಿದೆ. ಗುಂಡು ತಳ ಮುಟ್ಟಿದ ಮೇಲೆ ಹಗ್ಗ ಸಡಿಲ, ಆ ಎರಡು ಇಂಚಿನಲ್ಲಿ ಸ್ಯಾಶನ್ನು ಹಿಡಿಯುವವರೇ ಇಲ್ಲ. ಹಗ್ಗವನ್ನು ನಾಲ್ಕೈದು ಇಂಚು ಮೋಟು ಮಾಡಿ. ಪೂರ್ತಿ ಎತ್ತಿದಾಗ ಗುಂಡು ತಳದಿಂದ ಮೂರು-ನಾಲ್ಕು ಬೆರಳು ಮೇಲಿರಬೇಕು, ಪೂರ್ತಿ ಇಳಿಸಿದಾಗ ಗುಂಡಿನ ಗಂಟು ರಾಟೆಗೆ ಬಡಿಯಬಾರದು. ಮುಂದೆ ಯಾವಾಗಲಾದರೂ ಹೊಸ ಹಗ್ಗ ಹಾಕುವಾಗ ಅಳತೆಗೆ ಕತ್ತರಿಸುವ ಮೊದಲು ಅದೇ ಗುಂಡನ್ನು ಕಟ್ಟಿ ಒಂದು ರಾತ್ರಿ ನೇತುಹಾಕಿಡಿ. ಹಿಗ್ಗುವಷ್ಟು ಅಲ್ಲೇ ಹಿಗ್ಗಿಕೊಳ್ಳಲಿ.