ತಂದೆಗೆ 72 ವರ್ಷ, ತಲೆಗೆ ಪೆಟ್ಟಾಗಿದೆ. ಈ ವಯಸ್ಸಿನಲ್ಲಿ ಅಕ್ಯುಪಂಕ್ಚರ್ ಹಿಡಿಯುತ್ತದೆಯೇ?

ಮೆಟ್ಟಿಲಲ್ಲಿ ಜಾರಿ ಬಿದ್ದು ಐದು ವಾರ, ಎಡಗೈ ಎಡಗಾಲು ಸೋತಿವೆ, ಅಕ್ಯುಪಂಕ್ಚರ್ ಸೂಜಿ ಶುರುವಾದಾಗ ಸುಧಾರಿಸಿದವರು ಈಗ ಹತ್ತು ದಿನದಿಂದ ಮಂಪರಿನಲ್ಲಿದ್ದಾರೆ, ಸೂಜಿ ಹಾಕುವವರು "ವಯಸ್ಸಾಯಿತಲ್ಲ, ವಾರಕ್ಕೆ ಮೂರು ಸಲ ಸಾಲದು, ಆರು ಸಲ ಹಾಕಿಸಿ" ಎನ್ನುತ್ತಿದ್ದಾರೆ, ಹಾಕಿಸಲೇ ಎಂದು ಕೇಳಿದ್ದೀರಿ. ಬೇಡ. ಮೊದಲು ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ. ಇವತ್ತೇ ಮಾಡಿಸಿ.

ನಾನು ಸೂಜಿ ಹಾಕುವ ಕೆಲಸದಲ್ಲೇ ಇರುವವನು, ಸೂಜಿಯ ವಿರೋಧಿಯಲ್ಲ. ಆದರೆ ನಮ್ಮ ದೊಡ್ಡಪ್ಪನ ವಿಷಯದಲ್ಲಿ ನಡೆದದ್ದೂ ಇದೇ. ಬಚ್ಚಲಲ್ಲಿ ಜಾರಿ ಬಿದ್ದರು, ಮೊದಲ ಸ್ಕ್ಯಾನ್‌ನಲ್ಲಿ ಸಣ್ಣ ರಕ್ತಸ್ರಾವ ಕಂಡಿತು, ಆಪರೇಷನ್ ಬೇಕಿಲ್ಲ ಎಂದು ಮನೆಗೆ ಕಳಿಸಿದರು. ಫಿಸಿಯೋ, ಸೂಜಿ ಎರಡೂ ನಡೆದು ಲೋಟ ಹಿಡಿಯುವಷ್ಟು ಚೇತರಿಸಿಕೊಂಡರು. ಆಮೇಲೆ ಊಟದ ನಡುವೆ ತೂಕಡಿಕೆ ಬಂತು, ಪಂಚೆ ಸುತ್ತಿಕೊಳ್ಳುವಾಗ ತಡವರಿಕೆ, ಕಾಲು ಎಳೆಯುವುದು. ಮನೆಮಂದಿಯೆಲ್ಲ "ವಯಸ್ಸು" ಎಂದರು, ಸೂಜಿಯ ದಿನಗಳನ್ನು ಹೆಚ್ಚಿಸಿದರು. ಎರಡನೇ ಸ್ಕ್ಯಾನ್ ಆಗುವ ಹೊತ್ತಿಗೆ ಬಲಗಡೆ ಹಳೆಯ ರಕ್ತ ದಪ್ಪಗೆ ಶೇಖರವಾಗಿತ್ತು. ತಲೆಬುರುಡೆಗೆ ರಂಧ್ರ ಕೊರೆದು ಹೊರತೆಗೆದರು, ಮಂಪರು ಇಳಿಯಿತು. ಆದರೆ ಆ ವಾರಗಳಲ್ಲಿ ಬಿಗಿದುಕೊಂಡ ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳಲಿಲ್ಲ.

ಹೀಗೆ ಏಕಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ವಯಸ್ಸಿಗೂ ಈ ಚಿಕಿತ್ಸೆಗೂ ಇರುವ ಬಹುಮುಖ್ಯ ನಂಟು ಇಲ್ಲಿದೆ. ವಯಸ್ಸಾದಂತೆ ಮೆದುಳು ಕುಗ್ಗುತ್ತದೆ, ಬುರುಡೆ ಕುಗ್ಗುವುದಿಲ್ಲ. ಚಿಪ್ಪಿನಿಂದ ಬಿಟ್ಟುಕೊಂಡ ಗಿಟಕು ಕೊಬ್ಬರಿಯ ಹಾಗೆ ಒಳಗೆ ಜಾಗ ಉಳಿಯುತ್ತದೆ. ಮೆದುಳಿನ ಮೇಲ್ಮೈಯಿಂದ ಹೊರಪದರಕ್ಕೆ ಹೋಗುವ ಸಣ್ಣ ರಕ್ತನಾಳಗಳು ಆ ಜಾಗದ ಉದ್ದಕ್ಕೂ ಎಳೆದು ನಿಂತಿರುತ್ತವೆ. ಚಿಕ್ಕ ಪೆಟ್ಟಿಗೂ ಒಂದೆರಡು ಹರಿಯುತ್ತವೆ, ರಕ್ತ ಜಿನುಗುತ್ತದೆ. ಯುವಕನಲ್ಲಾದರೆ ಜಾಗವಿಲ್ಲದ್ದರಿಂದ ತಲೆನೋವು, ವಾಂತಿ ಬೇಗ ಶುರುವಾಗುತ್ತವೆ. ವಯಸ್ಸಾದವರಲ್ಲಿ ಆ ಖಾಲಿ ಜಾಗ ತುಂಬುವವರೆಗೂ ಹೆಚ್ಚೇನೂ ಕಾಣುವುದಿಲ್ಲ. ಮೂರು ವಾರಕ್ಕೋ ಆರು ವಾರಕ್ಕೋ ಮಂಪರು, ಮರೆವು, ನಡಿಗೆಯಲ್ಲಿ ಓಲಾಟ ಶುರುವಾಗುತ್ತದೆ. ಇವು ಮುಪ್ಪಿನ ಲಕ್ಷಣಗಳಂತೆಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ಅಸಿಟ್ರೋಮ್‌ನಂಥ ಮಾತ್ರೆ ತೆಗೆದುಕೊಳ್ಳುವವರಾದರೆ ಅಪಾಯ ಇನ್ನೂ ಹೆಚ್ಚು. ಹಾಗಾಗಿ ನನ್ನ ನಿಯಮ ಒಂದೇ: ಒಮ್ಮೆ ಗಳಿಸಿದ್ದನ್ನು ರೋಗಿ ಮತ್ತೆ ಕಳೆದುಕೊಂಡರೆ ವಯಸ್ಸಿನ ಮೇಲೆ ಹಾಕಬೇಡಿ. ವಯಸ್ಸು ಚೇತರಿಕೆಯನ್ನು ನಿಧಾನ ಮಾಡುತ್ತದೆ, ಹತ್ತು ದಿನದಲ್ಲಿ ಹಿಂದಕ್ಕೆ ತಿರುಗಿಸುವುದಿಲ್ಲ.

ಸ್ಕ್ಯಾನ್ ಸರಿಯಿದ್ದರೆ ಮುಂದೆ ಸೋಡಿಯಂ ನೋಡಿ. ರಕ್ತದಲ್ಲಿ ಅದು 135ರಿಂದ 145ರ ಒಳಗಿರಬೇಕು. ತಲೆಗೆ ಪೆಟ್ಟಾದ ಮೇಲೆ ಇಳಿಯಬಹುದು, ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ಇನ್ನಷ್ಟು ಇಳಿಯುತ್ತದೆ. ಆಮೇಲೆ ಫಿಟ್ಸ್ ಬಾರದಂತೆ ಕೊಟ್ಟಿರುವ ಮಾತ್ರೆ. ಸಾಮಾನ್ಯವಾಗಿ ಲೆವೆಟಿರಾಸಿಟಮ್ ಕೊಟ್ಟಿರುತ್ತಾರೆ. ಅದನ್ನು ಮುಖ್ಯವಾಗಿ ಹೊರಹಾಕುವುದು ಮೂತ್ರಪಿಂಡ. ತೆಳ್ಳಗಿನ ಮುದುಕರಲ್ಲಿ ಸ್ನಾಯು ಕಡಿಮೆ ಇರುವುದರಿಂದ ಮೂತ್ರಪಿಂಡದ ಕೆಲಸ ನೋಡುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.0 ಎಂದು ಚೆನ್ನಾಗಿಯೇ ಕಂಡರೂ ಮೂತ್ರಪಿಂಡದ ನಿಜವಾದ ಶಕ್ತಿ ಅರ್ಧಕ್ಕೆ ಇಳಿದಿರಬಹುದು. ಆಗ ಮಾತ್ರೆ ಮೈಯಲ್ಲೇ ಉಳಿದು ಹಗಲೆಲ್ಲ ನಿದ್ದೆ ತರಿಸುತ್ತದೆ. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿ ಡೋಸ್ ನೋಡಿ ಎಂದು ನರರೋಗದ ಡಾಕ್ಟರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಮೂತ್ರದ ಸೋಂಕು, ಮಲಬದ್ಧತೆ ಕೂಡ ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಇವೆಲ್ಲ ಸರಿಯಾಗದೆ ಸೂಜಿ ಹೆಚ್ಚಿಸಿದರೆ ದುಡ್ಡು ಹೋಗುತ್ತದೆ, ದಿನವೂ ಹೋಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. "ಈ ವಯಸ್ಸಿನಲ್ಲಿ ಹಿಡಿಯುತ್ತದೆಯೇ" ಎಂದು ಕೇಳುವುದೇ ತಪ್ಪು ದಾರಿ, ಯಾಕೆಂದರೆ ಕೈಕಾಲನ್ನು ವಾಪಸ್ ತರುವುದು ಸೂಜಿಯೊಂದೇ ಎಂದು ಅದು ಒಪ್ಪಿಕೊಂಡುಬಿಡುತ್ತದೆ. ಕೈಕಾಲನ್ನು ತರುವುದು ಅಭ್ಯಾಸ. ಪಾರ್ಶ್ವವಾಯುವಿನ ಚೇತರಿಕೆಗೆ ಅಕ್ಯುಪಂಕ್ಚರ್ ಬಳಸಿದ 31 ಪ್ರಯೋಗಗಳನ್ನು, 2257 ರೋಗಿಗಳನ್ನು, ಚಿಕಿತ್ಸೆಗಳ ಪುರಾವೆಯನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಸೂಜಿಯಿಲ್ಲದವರಿಗೆ ಹೋಲಿಸಿದರೆ ಸ್ವಲ್ಪ ಲಾಭ ಕಂಡಿತು, ಹಾಕಿದಂತೆ ತೋರಿಸುವ ನಕಲಿ ಸೂಜಿಗೆ ಹೋಲಿಸಿದಾಗ ಆ ಲಾಭ ಉಳಿಯಲಿಲ್ಲ, ಪುರಾವೆಯ ಗುಣಮಟ್ಟವೂ ಕಡಿಮೆ. ತಲೆ ಪೆಟ್ಟಿನ ಬಗ್ಗೆ ಅದೇ ಸಂಸ್ಥೆಯ 2013ರ ಪರಿಶೀಲನೆಗೆ ಸಿಕ್ಕಿದ್ದು ನಾಲ್ಕೇ ಪ್ರಯೋಗ, 294 ಜನ. ಇಷ್ಟು ಜನರನ್ನು ವಯಸ್ಸಿನ ಪ್ರಕಾರ ಒಡೆದು "60ರವರಿಗೆ ಇಷ್ಟು, 75ರವರಿಗೆ ಇಷ್ಟು" ಎಂದು ಶೇಕಡಾವಾರು ಹೇಳುವವರಿದ್ದರೆ ನಂಬಬೇಡಿ.

ಹಾಗಾದರೆ ನಾನೇಕೆ ಹಾಕುತ್ತೇನೆ? ಬಿಗಿತ, ಭುಜದ ನೋವು ಸ್ವಲ್ಪ ಇಳಿದರೆ ರೋಗಿ ಕೈ ಆಡಿಸಲು ಒಪ್ಪುತ್ತಾರೆ. ಆ ಒಪ್ಪಿಗೆಯ ಹೊತ್ತನ್ನು ಅಭ್ಯಾಸಕ್ಕೆ ಬಳಸಿಕೊಳ್ಳಬೇಕು. 1970ರ ದಶಕದಲ್ಲಿ ಚೀನಾದ ಶಾನ್ಸಿಯ ವೈದ್ಯ ಜಿಯಾವ್ ಶುನ್‌ಫಾ ರೂಪಿಸಿದ ತಲೆಯ ಸೂಜಿ ಪದ್ಧತಿ ಇದಕ್ಕೆ ಅನುಕೂಲ, ಏಕೆಂದರೆ ಸೂಜಿ ತಲೆಯಲ್ಲಿರುವಾಗಲೇ ಕೈಕಾಲು ಆಡಿಸಬಹುದು. ಎಡಗೈ ಎಡಗಾಲು ಸೋತಿದ್ದರೆ ತಲೆಯ ಬಲಭಾಗ. ನೆತ್ತಿಗೆ ಸ್ವಲ್ಪ ಮುಂದಿನಿಂದ ಕಣತಲೆಯ ಕಡೆಗೆ ಓರೆಯಾಗಿ ಇಳಿಯುವ ಗೆರೆಯನ್ನು ಐದು ಭಾಗ ಮಾಡಿದರೆ ಮೇಲಿನ ಒಂದು ಭಾಗ ಕಾಲಿಗೆ, ನಡುವಿನ ಎರಡು ಕೈಗೆ, ಕೆಳಗಿನ ಎರಡು ಮುಖಕ್ಕೆ. 0.25 ಮಿ.ಮೀ. ದಪ್ಪದ ಸೂಜಿಯನ್ನು 15ರಿಂದ 30 ಡಿಗ್ರಿ ಓರೆಯಲ್ಲಿ, ಚರ್ಮದಡಿಯ ಸಡಿಲ ಪದರಕ್ಕೆ ತೂರಿಸಬೇಕು. ಸರಿಯಾದ ಪದರ ಸಿಕ್ಕಿದರೆ ಬೆರಳಿಗೆ ಸಿಗುತ್ತಿದ್ದ ತಡೆ ಥಟ್ಟನೆ ಕಡಿಮೆಯಾಗುತ್ತದೆ. ರೋಗಿ ಮುಖ ಹಿಂಡಿದರೆ ಪದರ ತಪ್ಪಿದೆ ಎಂದೇ ಅರ್ಥ, ಹಿಂದಕ್ಕೆಳೆದು ಕೋನ ಬದಲಿಸಬೇಕು. ಮೂಲ ಪದ್ಧತಿಯಲ್ಲಿ ನಿಮಿಷಕ್ಕೆ 200 ಸಲ ತಿರುವುತ್ತಾರೆ. 70 ದಾಟಿದವರಿಗೆ ನಾನು ಅಷ್ಟು ಜೋರು ಮಾಡುವುದಿಲ್ಲ, ಅರ್ಧ ನಿಮಿಷ ತಿರುವಿ ಬಿಟ್ಟು, "ಲೋಟ ಎತ್ತಿ, ಇಳಿಸಿ" ಎಂದು ಕೆಲಸ ಕೊಡುತ್ತೇನೆ. ತಿಯಾನ್‌ಜಿನ್‌ನ ವೈದ್ಯ ಶಿ ಶ್ಯುಯೆಮಿನ್ 1972ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಮೂಗಿನ ಕೆಳಗಿನ ಬಿಂದುವನ್ನು ಕಣ್ಣಲ್ಲಿ ನೀರು ಬರುವವರೆಗೆ ಕುಟುಕುತ್ತಾರೆ. ಬಿಪಿ ಏರಿಳಿಯುವ ವೃದ್ಧರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ತಂದೆಯ ವಯಸ್ಸಿಗೆ ಒಮ್ಮೆಗೆ 6ರಿಂದ 10 ಸೂಜಿ, 20 ನಿಮಿಷ, ವಾರಕ್ಕೆ ಎರಡು ಮೂರು ದಿನ ಸಾಕು. ಬೆಳಗಿನ ತಿಂಡಿ ಆದ ಮೇಲೆ, ಅವರು ಚುರುಕಾಗಿರುವ ಹೊತ್ತಿಗೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದವರು ಮಂಚದ ಮೇಲೇ ಬೆವರಿ ಕುಸಿಯುತ್ತಾರೆ. ಬಿಪಿ 180/110 ದಾಟಿದ್ದರೆ ಆ ದಿನ ಬಿಡಿ. ಮೊದಮೊದಲು ಮಲಗಿಸಿಯೇ ಹಾಕಲಿ. ಮುಗಿದ ಮೇಲೆ ಎರಡು ನಿಮಿಷ ಕೂರಿಸಿ ಆಮೇಲೆ ನಿಲ್ಲಿಸಿ, ಎದ್ದ ಕೂಡಲೇ ಬಿಪಿ ಇಳಿದು ಮತ್ತೆ ಬಿದ್ದರೆ ಎಲ್ಲ ಮೊದಲಿಗೆ ಬರುತ್ತದೆ. ತಲೆಯಿಂದ ಸೂಜಿ ತೆಗೆದಾಗ ಒಣ ಹತ್ತಿಯಿಂದ ಒಂದೆರಡು ನಿಮಿಷ ಒತ್ತಬೇಕು, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಐದು ನಿಮಿಷ. ಕೂದಲಲ್ಲಿ ಸೂಜಿ ಮರೆಯಾಗುತ್ತದೆ, ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಂದು ನಿಮ್ಮೆದುರೇ ಎಣಿಸಲು ಹೇಳಿ. ಸೂಜಿಗೋಸ್ಕರ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಸಿಟ್ರೋಮ್ ಇದ್ದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐಎನ್‌ಆರ್ ಡಾಕ್ಟರ್ ಹೇಳಿದ ಮಿತಿಯಲ್ಲಿದೆಯೇ ನೋಡಿಕೊಂಡು, ಆಳಕ್ಕೆ ಹೋಗದೆ ಹಾಕಬಹುದು. ಮಾತ್ರೆ ನಿಂತರೆ ಪಾರ್ಶ್ವವಾಯುವೇ ಬರಬಹುದು.

ಬುರುಡೆಯ ಮೂಳೆ ತೆಗೆದ ಜಾಗದಲ್ಲಿ, ತಲೆಯೊಳಗಿನ ನೀರು ಇಳಿಸಲು ಹಾಕಿದ ಶಂಟ್ ನಳಿಕೆ ಹಾದುಹೋದ ಕಡೆ ಸೂಜಿ ಕೂಡದು. ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟ್ ಕೂಡದು, ಫಿಟ್ಸ್ ಬಂದವರಿಗೂ ತಲೆಯಲ್ಲಿ ಕರೆಂಟ್ ಬೇಡ. ಬಡಕಲು ಮೈಯವರಿಗೆ ಭುಜದ ಮೇಲೆ ನೇರ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುತ್ತದೆ. ಇನ್ನೊಂದು: ಕೆಂಪು ದೀಪದ ಕಾವು, ಒಣಗಿದ ಎಲೆಯನ್ನು ಉರಿಸಿ ಶಾಖ ಕೊಡುವ ಮಾಕ್ಸಾ ಬತ್ತಿ. ಸೋತ ಕೈಗೆ ಸ್ಪರ್ಶಜ್ಞಾನ ಕಡಿಮೆ, ಮಾತೂ ತೊದಲುತ್ತಿದ್ದರೆ "ಸುಡ್ತಿದೆ" ಎಂದು ಹೇಳಲಾರರು, ವಯಸ್ಸಾದ ತೆಳು ಚರ್ಮಕ್ಕೆ ಬೊಬ್ಬೆ ಬಂದರೆ ವಾರಗಟ್ಟಲೆ ಮಾಯುವುದಿಲ್ಲ. ಬೇಡವೆಂದು ಸ್ಪಷ್ಟವಾಗಿ ಹೇಳಿಬಿಡಿ.

ಸೂಜಿಯ ದಿನ ಹೆಚ್ಚಿಸಲು ಇಟ್ಟುಕೊಂಡ ಹಣವನ್ನು ಫಿಸಿಯೋ ಮತ್ತು ಊಟಕ್ಕೆ ಹಾಕಿ. ವಯಸ್ಸಾದ ಮೆದುಳೂ ಹೊಸದಾಗಿ ಕಲಿಯುತ್ತದೆ, ಆದರೆ ಹೆಚ್ಚು ಸಲ ಮತ್ತೆ ಮತ್ತೆ ಮಾಡಿಸಬೇಕು, ಸುಸ್ತು ಬೇಗ ಬರುತ್ತದೆ. ಒಮ್ಮೆಗೆ ಒಂದು ಗಂಟೆ ಮಾಡಿಸಿ ಮಲಗಿಸುವುದಕ್ಕಿಂತ ಹದಿನೈದು ನಿಮಿಷದಂತೆ ದಿನಕ್ಕೆ ನಾಲ್ಕು ಸಲ ಮಾಡಿಸಿ. ಬಟ್ಟೆ ಗುಂಡಿ ಹಾಕುವುದು, ಬಟಾಣಿ ಆರಿಸುವುದು, ಕುರ್ಚಿಯಿಂದ ಎದ್ದು ಕೂರುವುದು ಹೀಗೆ ನಿಜವಾದ ಕೆಲಸ ಕೊಡಿ. ಸೋತ ಕೈ ಹಿಡಿದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ಸ್ನಾಯು ಉಳಿಯಲು ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ.ಯವರಿಗೆ ಸುಮಾರು 60ರಿಂದ 70 ಗ್ರಾಂ, ಮುದ್ದೆ ತಿಳಿಸಾರಿನಲ್ಲಿ ಅಷ್ಟು ಬರುವುದಿಲ್ಲ. ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಉಳಿದದ್ದಕ್ಕೆ ಕಾಳು, ಬೇಳೆ, ಮೊಸರು, ಮೀನು. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಅದನ್ನು ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಇವತ್ತು ಆಸ್ಪತ್ರೆಗೆ ಹೋಗುವಾಗ ಮೊದಲ ಸ್ಕ್ಯಾನ್‌ನ ಫಿಲ್ಮ್ ಅಥವಾ ಸಿಡಿ ತಪ್ಪದೆ ಒಯ್ಯಿರಿ, ಹೋಲಿಸಿ ನೋಡಲು ಅದು ಬೇಕು. ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೇ ನೆಚ್ಚಿಕೊಳ್ಳದೆ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಪೊಟ್ಟಣಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಂಪರು ಯಾವ ದಿನ ಶುರುವಾಯಿತು, ದಿನದ ಯಾವ ಹೊತ್ತಿಗೆ ಹೆಚ್ಚು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ದಾರಿಯಲ್ಲಿ ವಾಂತಿಯಾದರೆ ಅಥವಾ ಎಬ್ಬಿಸಿದರೂ ಏಳದಂತಾದರೆ ಸ್ಕ್ಯಾನ್ ಸೆಂಟರ್‌ಗೆ ಹೋಗಬೇಡಿ, ನೇರವಾಗಿ ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ಯಿರಿ.