ಟಿಯರ್‌ಡ್ರಾಪ್ ಟ್ರೇಲರ್‌ಗೆ ವಿನೈಲ್ ಹೊದಿಸಬಹುದಾ?

ಪ್ರಶ್ನೆ: ನಾವಿರುವುದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ. ಕಾರಿನ ಹಿಂದೆ ಕಟ್ಟಿಕೊಂಡು ಹೋಗಲು, ಇಬ್ಬರು ಮಲಗುವಷ್ಟು ಪುಟ್ಟ ಟಿಯರ್‌ಡ್ರಾಪ್ (ನೀರಿನ ಹನಿಯಾಕಾರದ) ಟ್ರೇಲರನ್ನು ಪ್ಲೈವುಡ್‌ನಲ್ಲಿ ನಾನೇ ಕಟ್ಟಿದ್ದೇನೆ. ಅಗಲ 4 ಅಡಿ, ಉದ್ದ 8 ಅಡಿ. ಅಲ್ಯೂಮಿನಿಯಂ ಹಾಳೆ ದುಬಾರಿ. ಅದರ ಬದಲು ವಿನೈಲ್ ಬಟ್ಟೆ, ಅಂದರೆ ಪ್ಲಾಸ್ಟಿಕ್ ಲೇಪದ ಬಟ್ಟೆ ಅಂಟಿಸಿದರೆ ಮಳೆ ತಡೆಯುತ್ತದಾ?

ಉತ್ತರ: ತಡೆಯುತ್ತದೆ. ಆದರೆ ಚಾವಣಿಗೆ ಮಾತ್ರ ಹಾಕಿ. ಪಕ್ಕದ ಗೋಡೆಗಳಿಗೆ ಒಳ್ಳೆಯ ಬಣ್ಣ ಸಾಕು. ಬಾಗಿಲು, ಕಿಟಕಿ ಇರುವುದೆಲ್ಲ ಅಲ್ಲೇ ಅಲ್ವಾ? ಬಟ್ಟೆ ಕತ್ತರಿಸಿದ ಕಡೆಯೆಲ್ಲ ಒಂದು ಅಂಚು. ನೀರು ನುಗ್ಗುವುದು ಅಂಚಿನಿಂದಲೇ.

1960, 70ರ ದಶಕದ ಅಮೆರಿಕದ ಕಾರುಗಳಲ್ಲಿ ವಿನೈಲ್ ಹೊದಿಸಿದ ಚಾವಣಿ ಬಹಳ ಜನಪ್ರಿಯವಾಗಿತ್ತು. ಮೇಲೆ ನೋಡಲು ಚೆನ್ನ, ಅಡಿಯಲ್ಲಿ ತೇವ ನಿಂತು ತಗಡು ತುಕ್ಕು ಹಿಡಿಯುತ್ತಿತ್ತು. ನಿಮ್ಮದು ಮರ, ಅದು ಕೊಳೆಯುತ್ತದೆ. ವಿನೈಲ್ ನೀರನ್ನು ಒಳಗೆ ಬಿಡುವುದಿಲ್ಲ ನಿಜ, ಒಳಗೆ ಹೋದ ನೀರನ್ನು ಹೊರಗೂ ಬಿಡುವುದಿಲ್ಲ. ಆದ್ದರಿಂದ ಬಟ್ಟೆ ಕೊಳ್ಳುವ ಮೊದಲು ಪ್ಲೈವುಡ್ ಗಟ್ಟಿ ಮಾಡಿ. ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಬಳಿಯಿರಿ, ಪ್ಲೈವುಡ್‌ನ ಅಂಚುಗಳಿಗೆ ಜಾಸ್ತಿ, ಏಕೆಂದರೆ ಅವು ನೀರು ಕುಡಿಯುತ್ತವೆ. ಸ್ಕ್ರೂ ತೂತುಗಳನ್ನೂ ತುಂಬಿಸಿ. ಪೂರ್ತಿ ಗಟ್ಟಿಯಾದ ಮೇಲೆ ನೀರಲ್ಲಿ ಒರೆಸಿ, ಸ್ಯಾಂಡ್ ಪೇಪರ್‌ನಿಂದ ಸ್ವಲ್ಪ ಉಜ್ಜಿ.

ಬಟ್ಟೆ ಯಾವುದು? ನಮ್ಮೂರಲ್ಲಿ ಸೀಟಿಗೆ ಹಾಕುವ ರೆಕ್ಸಿನ್ ಥರದ್ದು ಬೇಡ. ಅದರ ಬೆನ್ನಿನ ಹೆಣಿಗೆ ಬಟ್ಟೆ ಅಂಚಿನಿಂದ ನೀರು ಹೀರುತ್ತದೆ. ಲಾರಿ ಟಾರ್ಪಾಲಿಗೆ ಬಳಸುವ, ಎರಡೂ ಬದಿ ವಿನೈಲ್ ಇರುವ ಚದರ ಗಜಕ್ಕೆ 18 ಔನ್ಸ್ ತೂಗುವ ಪಾಲಿಯೆಸ್ಟರ್ ಬಟ್ಟೆ ಕೇಳಿ. ಸಾಮಾನ್ಯವಾಗಿ 61 ಇಂಚು ಅಗಲದಲ್ಲಿ ಬರುತ್ತದೆ. ನಿಮ್ಮ ಚಾವಣಿ 48 ಇಂಚು, ಹಾಗಾಗಿ ಎರಡೂ ಪಕ್ಕಕ್ಕೆ ಮಡಚಲು ಧಾರಾಳವಾಗಿ ಉಳಿಯುತ್ತದೆ. ಟಿಯರ್‌ಡ್ರಾಪ್ ಚಾವಣಿ ಬಾಗುವುದು ಒಂದೇ ದಿಕ್ಕಿಗೆ, ಆದ್ದರಿಂದ ಸುಕ್ಕು ಬೀಳುವುದಿಲ್ಲ. ಮುಂದಿನ ತುದಿಯಿಂದ ಹಿಂಬದಿಯ ಅಡುಗೆ ಜಾಗಕ್ಕೆ ಮೇಲಕ್ಕೆತ್ತಿ ತೆರೆಯುವ ಬಾಗಿಲಿನ ಕೀಲಿನ ತನಕ ಒಂದೇ ತುಂಡು ಹಾಕಿ. ನಡುವೆ ಜೋಡಣೆ ಬೇಡವೇ ಬೇಡ.

ಸುಮ್ನೆ ಅಂಚಿಗೆ ಮೊಳೆ ಹೊಡೆದು ಎಳೆದು ಕಟ್ಟುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಹೆದ್ದಾರಿಯ ಗಾಳಿಗೆ ಬಟ್ಟೆ ಪಟಪಟ ಬಡಿಯುತ್ತದೆ. ಒಂದು ಕೊಂಬೆ ತಗುಲಿ ಹರಿದರೆ ನೀರು ಅಡಿಯಲ್ಲೆಲ್ಲ ಹರಿಯುತ್ತದೆ. ಪೂರ್ತಿ ಅಂಟಿಸಿದ್ದರೆ ನೀರು ತೂತು ಬಿದ್ದಲ್ಲೇ ನಿಲ್ಲುತ್ತದೆ. ಆದರೆ ಎರಡೂ ಮೈಗೆ ಹಚ್ಚಿ ಒತ್ತುವ ಸಾಮಾನ್ಯ ಕಾಂಟ್ಯಾಕ್ಟ್ ಅಂಟು ಆಗದು. ವಿನೈಲನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಮೆಲ್ಲಗೆ ಇಳಿದು ಅಂಟನ್ನು ಸಡಿಲಿಸುತ್ತದೆ. ಕಾರಿನ ವಿನೈಲ್ ಚಾವಣಿಗೆಂದೇ ಮಾರುವ, ಬಿಸಿಲು ತಡೆಯುವ ಅಂಟು ತನ್ನಿ. ಮರಕ್ಕೂ ಬಟ್ಟೆಗೂ ಹಚ್ಚಿ, ಸ್ವಲ್ಪ ಒಣಗಲು ಬಿಡಿ, ನಡುವಿನಿಂದ ಶುರು ಮಾಡಿ ಹೊರಕ್ಕೆ ಒತ್ತುತ್ತಾ ಹೋಗಿ. ಕೂತ ಮೇಲೆ ಸರಿಸಲು ಆಗುವುದಿಲ್ಲ. ಜೊತೆಗೆ ಒಬ್ಬರಿರಲಿ.

ಅಂಚನ್ನು ಗೋಡೆಗೆ ಮಡಚಿ ಸ್ಟೇನ್‌ಲೆಸ್ ಸ್ಟೇಪಲ್ ಹೊಡೆಯಿರಿ. ಮೇಲೆ ಬ್ಯೂಟೈಲ್ ಟೇಪ್ (ರಬ್ಬರಿನಂಥ ಮೆತ್ತನೆ ಅಂಟುಪಟ್ಟಿ), ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ. ಸಿಲಿಕೋನ್ ಬೇಡ. ಅದು ಒಮ್ಮೆ ಕಿತ್ತು ಬಂದರೆ ಅದೇ ಜಾಗಕ್ಕೆ ಮತ್ತೇನೂ ಹಿಡಿಯುವುದಿಲ್ಲ.

ಒಳಗಿನ ತೇವವನ್ನೂ ಮರೆಯಬೇಡಿ. ಇಬ್ಬರು ರಾತ್ರಿಯೆಲ್ಲ ಉಸಿರಾಡಿದರೆ ಚಾವಣಿಯ ಒಳಮೈ ಒದ್ದೆಯಾಗುತ್ತದೆ. ಒಳಗೂ ವಾರ್ನಿಶ್ ಬಳಿದು, ಗಾಳಿಕಿಂಡಿ ಸ್ವಲ್ಪ ತೆರೆದೇ ಮಲಗಿ.

ನಿಮ್ಮೂರಲ್ಲಿ ಜುಲೈ, ಆಗಸ್ಟ್ ಒಣ ತಿಂಗಳು. ಬಟ್ಟೆ ಬಿಸಿಲಿಗೆ ಮೆತ್ತಗಾಗಿರುವಾಗ ಕೆಲಸ ಮುಗಿಸಿ. ಮಳೆಗಾಲ ಶುರುವಾದ ಮೇಲೆ ಆಗಾಗ ಅಂಚಿನುದ್ದಕ್ಕೂ ಬೆರಳಲ್ಲಿ ಒತ್ತಿ ನೋಡಿ. ಎಲ್ಲಾದರೂ ಮೆತ್ತಗಿದ್ದರೆ ಬೇಸಿಗೆಗೆ ಕಾಯಬೇಡಿ, ಆಗಲೇ ಪಟ್ಟಿ ಬಿಚ್ಚಿ ಒಣಗಿಸಿ.