ಕೈಗೆ ಕೆಲಸ, ಕಿವಿಗೆ ಕಥೆ

ಪ್ರಿಯ ಓದುಗರೇ,

ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಜಾಕ್ ಕಥೆಗಳ ಬಗ್ಗೆ, ಅಂದರೆ ಜಾಕ್ ಅನ್ನುವ ಹುಡುಗನ ಸುತ್ತ ಬಾಯಿಂದ ಬಾಯಿಗೆ ಬಂದ ಜನಪದ ಕಥೆಗಳ ಬಗ್ಗೆ, ಹೋದ ಸಂಚಿಕೆಯಲ್ಲಿ ಬಂದ ಬರಹ ಓದಿ ಕಾಗದ ಬರೆದು ಎರಡು ಮಾತು ಕೇಳಿದ್ದೀರಿ. ಹೊರಗಿನ ಗಾಳಿ ಸೋಕದ ಬೆಟ್ಟಗಳು, ಅದಕ್ಕೇ ಹಳೆಯ ಕಥೆಗಳು ಉಳಿದವು ಅಲ್ವಾ ಅನ್ನುವುದು ಒಂದು. ಅವೆಲ್ಲ ಈಗ ಪುಸ್ತಕದಲ್ಲಿವೆ, ಹೇಳುವವರು ಇಲ್ಲದಿದ್ದರೆ ಏನು ನಷ್ಟ ಅನ್ನುವುದು ಇನ್ನೊಂದು. ಎರಡನೆಯದು ವಾರವಿಡೀ ನನ್ನ ತಲೆಯಲ್ಲೇ ಇತ್ತು.

ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಆ ಬೆಟ್ಟದ ಜನ ಜಿನ್‌ಸೆಂಗ್ ಅನ್ನುವ ಔಷಧಿ ಗಿಡದ ಬೇರು ಅಗೆದು ಮಾರುತ್ತಿದ್ದರು. ಅದು ಚೀನಾದವರೆಗೂ ಹೋಗುತ್ತಿತ್ತು. ಗ್ಯಾಲಾಕ್ಸ್ ಅನ್ನುವ ಗಿಡದ ಹೊಳೆಯುವ ಎಲೆ ಕಿತ್ತು ಕೊಟ್ಟರೆ ದೂರದ ಪಟ್ಟಣಗಳ ಹೂವಿನ ಅಂಗಡಿ ಸೇರುತ್ತಿತ್ತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಮರ ಕಡಿಯುವ ಕಂಪನಿಗಳೂ ರೈಲೂ ಬಂದಿದ್ದವು. ಬೆಟ್ಟ ಬಾಗಿಲು ಹಾಕಿಕೊಂಡು ಕೂತಿರಲಿಲ್ಲ.

ಕಥೆಯನ್ನು ಉಳಿಸಿದ್ದು ಮನೆಗೆಲಸ. ಚಳಿಗಾಲಕ್ಕೆಂದು ಬೀನ್ಸ್ ಒಣಗಿಸಬೇಕು. ರಾಶಿ ರಾಶಿ ಕಾಯಿ. ಒಂದೊಂದರ ನಾರು ತೆಗೆದು, ಸೂಜಿ ದಾರದಲ್ಲಿ ಪೋಣಿಸಿ, ಮಾಲೆ ಮಾಡಿ ತೂಗುಹಾಕಬೇಕು. ಮಕ್ಕಳು ಎಷ್ಟು ಹೊತ್ತು ಕೂತಾರು? ಆಗ ಹಿರಿಯರು ಯಾರಾದರೂ ಜಾಕ್‌ನ ಕಥೆ ಶುರು ಮಾಡುತ್ತಿದ್ದರು. ಕಥೆಯ ಆಸೆಗೆ ಮಕ್ಕಳು ಏಳುತ್ತಿರಲಿಲ್ಲ, ಕೈಯೂ ನಿಲ್ಲುತ್ತಿರಲಿಲ್ಲ.

ಉತ್ತರ ಕೆರೊಲಿನಾದ ಬೀಚ್ ಮೌಂಟನ್ ಸುತ್ತಿನ ಹಿಕ್ಸ್ ಮತ್ತು ಹಾರ್ಮನ್ ಬಳಗ ಹೀಗೇ ಬೆಳೆದದ್ದು. ಈ ಕಥೆಗಳನ್ನು ಹೇಳುತ್ತಿದ್ದ ಕೌನ್ಸಿಲ್ ಹಾರ್ಮನ್ ಅನ್ನುವ ಅಜ್ಜ 1896ರಲ್ಲಿ ತೀರಿಕೊಂಡರು. ಅವರ ಮೊಮ್ಮಗಳು ಜೇನ್ ಹಿಕ್ಸ್ ಜೆಂಟ್ರಿ. ಹಾಡು ಹುಡುಕಿಕೊಂಡು ಇಂಗ್ಲೆಂಡಿನಿಂದ ಬಂದಿದ್ದ ಸೆಸಿಲ್ ಶಾರ್ಪ್‌ಗೆ 1916ರಲ್ಲಿ ಆಕೆ 60ಕ್ಕೂ ಹೆಚ್ಚು ಹಾಡು ಹೇಳಿಕೊಟ್ಟರು. 1923ರಲ್ಲಿ ಜನಪದ ಕಥೆ ಸಂಗ್ರಹಿಸಲು ಇಸಾಬೆಲ್ ಗಾರ್ಡನ್ ಕಾರ್ಟರ್ ಬಂದಾಗ ಜಾಕ್ ಕಥೆಗಳನ್ನು ಹೇಳಿದರು.

ಇನ್ನು ಪುಸ್ತಕದ ಮಾತು. ಜನಪದ ಕಥೆ ಸಂಗ್ರಾಹಕ ರಿಚರ್ಡ್ ಚೇಸ್ 1943ರಲ್ಲಿ ಈ ಕಥೆಗಳನ್ನು ಅಚ್ಚಿಗೆ ತಂದರು. ಅದರಿಂದಲೇ ಅವು ದೇಶಕ್ಕೆಲ್ಲ ಗೊತ್ತಾದವು, ಆ ಉಪಕಾರ ದೊಡ್ಡದು. ಆದರೆ ಅವರು ಬೇರೆ ಬೇರೆಯವರು ಹೇಳಿದ್ದನ್ನು ಸೇರಿಸಿ, ತಿದ್ದಿ ಒಂದು ಮಾಡಿದರು. ಯಾರ ಬಾಯಲ್ಲಿ ಕಥೆ ಎಲ್ಲಿ ತಿರುಗುತ್ತಿತ್ತು ಅನ್ನುವುದು ಅಲ್ಲಿ ಅಳಿಸಿಹೋಯಿತು. ನನಗೆ ಇದು ಸಣ್ಣ ನಷ್ಟ ಅನ್ನಿಸುವುದಿಲ್ಲ.

ಅದೇ ಬಳಗದ ರೇ ಹಿಕ್ಸ್ ಅವರನ್ನೇ ನೋಡಿ. 1922ರಲ್ಲಿ ಹುಟ್ಟಿದವರು, ಹತ್ತಿರಹತ್ತಿರ ಏಳು ಅಡಿ ಎತ್ತರ. 1973ರಲ್ಲಿ ಟೆನ್ನೆಸ್ಸಿಯ ಜೋನ್ಸ್‌ಬರೋದಲ್ಲಿ ಕಥೆ ಹೇಳುವವರ ಮೊದಲ ಉತ್ಸವ ನಡೆದಾಗ ಹೋದರು, ಆಮೇಲೂ ವರ್ಷ ವರ್ಷ ಹೋದರು. ಜಾಕ್ ಅಂದರೆ ನಾನೇ ಎನ್ನುತ್ತಿದ್ದರು. ಅವರು ಹೇಳುತ್ತಿದ್ದ ಕಥೆಗಳಲ್ಲಿ ಒಂದರಲ್ಲಿ ಜಾಕ್ ಸಾವನ್ನೇ ಚೀಲಕ್ಕೆ ತುಂಬಿ ಕಟ್ಟುತ್ತಾನೆ. ಅಲ್ಲಿಂದ ಯಾರೂ ಸಾಯುವುದಿಲ್ಲ. ಎಲ್ಲರಿಗೂ ಖುಷಿ. ಕಾಲ ಕಳೆದ ಮೇಲೆ, ಮೂಗು ಮೊಣಕಾಲಿಗೆ ತಾಕುವಷ್ಟು ಬಾಗಿದ ಮುದುಕಿ ಎದುರಾಗುತ್ತಾಳೆ. ಸಾಯೋಣವೆಂದರೆ ಸಾವೇ ಬರುತ್ತಿಲ್ಲ, ಯಾವನೋ ದಡ್ಡ ಕಟ್ಟಿಹಾಕಿದ್ದಾನಂತೆ ಅನ್ನುತ್ತಾಳೆ. ಜಾಕ್ ಸುಮ್ನೆ ಹೋಗಿ ಚೀಲ ಬಿಚ್ಚಿಸುತ್ತಾನೆ. ಮೊದಲು ಸತ್ತು ಬೀಳುವವರಲ್ಲಿ ಅವನೂ ಒಬ್ಬ.

ಇದನ್ನು ಓದಿದರೆ ಕಥೆ ಗೊತ್ತಾಗುತ್ತದೆ. ಆದರೆ ಮುದುಕಿಯ ಮಾತಿಗೂ ಜಾಕ್ ಎದ್ದು ಹೋಗುವುದಕ್ಕೂ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ಪುಟದಲ್ಲಿ ಇಲ್ಲ. ಅದು ಎದುರು ಕೂತವರ ಮುಖ ನೋಡಿ ಹೇಳುವವರಿಗೆ ಮಾತ್ರ ತಿಳಿಯುವುದು. ರೇ 2003ರಲ್ಲಿ ತೀರಿಕೊಂಡರು.

ಕಾಗದದ ಕೊನೆಯಲ್ಲಿ ನಿಮ್ಮ ಚಿಕ್ಕಮ್ಮನ ಬಗ್ಗೆ ಬರೆದಿದ್ದೀರಿ. ಪ್ರತಿ ಸಲ ಕಥೆಯ ಕೊನೆ ಬದಲಿಸುತ್ತಾರೆ, ತಿದ್ದಿದರೆ ಮುನಿಸಿಕೊಳ್ಳುತ್ತಾರೆ ಎಂದು. ದಯವಿಟ್ಟು ತಿದ್ದಬೇಡಿ. ಅವರ ಕೈಯಲ್ಲಿ ಏನಾದರೂ ಕೆಲಸ ಇರುವಾಗ ಪಕ್ಕದಲ್ಲಿ ಕೂತು, ನೀವೂ ಕೈ ಹಾಕಿ, ಒಂದು ಕಥೆ ಕೇಳಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದೇ ಕಥೆಯನ್ನು ಮೂರು ಸಲ ಕೇಳಿ, ಮೂರು ಕೊನೆಗಳನ್ನೂ ಬರೆದು ಕಳಿಸಿ. ಮೂರನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ